ಊರಲ್ಲಿಲ್ಲ, ಬರ್ತಾರೆ

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಎಂದು ಮಾವನ ಬಗ್ಗೆ ಎಲ್ಲರೂ ಹೇಳುತ್ತಿದ್ದರು. ಸೊಸೆ ಆ ಮಾತಿಗೆ ತನ್ನದೊಂದು ಬಾಲ ಸೇರಿಸುತ್ತಿದ್ದಳು: "ಚಕ್ರ ಅವರ ಕಾಲಿಗೆ, ಗಾಡಿ ಎಳೆಯೋದು ನಾನು." ಮಾವ ಹೊಲಿಗೆ ಮಿಷನ್ ರಿಪೇರಿಯವರು. ತಗಡಿನ ಪೆಟ್ಟಿಗೆಯಲ್ಲಿ ಸ್ಕ್ರೂಡ್ರೈವರು, ಎಣ್ಣೆ ಡಬ್ಬಿ, ಬೆಲ್ಟು, ಬಾಬಿನ್ನು ತುಂಬಿಕೊಂಡು ಊರೂರು ಸುತ್ತುತ್ತಿದ್ದರು. ಬಸ್ಸು ಸಿಕ್ಕರೆ ಬಸ್ಸು, ರೈಲು ಸಿಕ್ಕರೆ ರೈಲು, ಎರಡೂ ಇಲ್ಲದಿದ್ದರೆ ಹಾಲಿನ ವ್ಯಾನು. ಮಿಷನ್ ಸರಿಮಾಡಲು ಅರ್ಧ ಗಂಟೆ ಸಾಕಾದರೆ, ಆ ಮನೆಯವರ ಕಷ್ಟಸುಖ ಕೇಳಲು ಅರ್ಧ ದಿನ ಬೇಕು. ಹೊರಡುವಾಗ ಎಲ್ಲರಿಗೂ ಒಂದೇ ಮಾತು: "ನಮ್ಮೂರಿಗೆ ಬಂದು ಹೋಟ್ಲಲ್ಲಿ ಉಂಡೀರಿ, ಜೋಕೆ! ಬಸ್ ಸ್ಟ್ಯಾಂಡಲ್ಲಿ ಇಳಿದು ಮಿಷನ್ ತಾತನ ಮನೆ ಎಲ್ಲಿ ಅಂತ ಕೇಳಿ. ನಾಯಿ ಕೂಡ ದಾರಿ ತೋರ್ಸುತ್ತೆ."

ಜನ ಹಾಗೇ ಬರುತ್ತಿದ್ದರು. ಪರೀಕ್ಷೆ ಬರೆಯಲು ಬಂದ ಹುಡುಗಿಯರು, ಆಸ್ಪತ್ರೆಗೆ ಬಂದ ಮುದುಕರು, ರೈಲು ತಪ್ಪಿಸಿಕೊಂಡವರು, ಸುಮ್ಮನೆ ಮಾವನ ಮಾತು ಕೇಳಲು ಬಂದವರು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಚೂರು ಅಂಗಳ. ಇಷ್ಟರಲ್ಲೇ ಎಲ್ಲರೂ ಹಿಡಿಸಬೇಕು. ಸೊಸೆಯ ಗಂಡ ಹುಡುಗನಾಗಿದ್ದಾಗಿನಿಂದಲೂ ಬಂದವರಿಗೆ ಹಾಸಿಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಿ ಬೆಳೆದವನು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅವನು ಗೊಣಗಿದರೆ ಮಾವ ನಕ್ಕು ಅವನ ಬೆನ್ನಿಗೊಂದು ಗುದ್ದುತ್ತಿದ್ದರು. ತಮಾಷೆಯೆಂದರೆ, ಹೀಗೆ ಹುಡುಕಿಕೊಂಡು ಬಂದವರಿಗೆ ಮಾವ ಸಿಗುತ್ತಿದ್ದದ್ದೇ ಅಪರೂಪ. ಬಾಗಿಲಲ್ಲಿ ಯಾರಿದ್ದರೂ ಅದೇ ಉತ್ತರ: "ಊರಲ್ಲಿಲ್ಲ, ಬರ್ತಾರೆ. ಒಳಗೆ ಬನ್ನಿ." ಸೊಸೆಯ ಮಗಳು ಅಮ್ಮ, ಅಪ್ಪ ಕಲಿತ ಮೇಲೆ ಕಲಿತ ಮೊದಲ ಮಾತೇ ಅದು.

ಆ ಮಾವ ಬಸ್ಸಿನಲ್ಲೇ ಹೋಗಿಬಿಟ್ಟರು. ಮನೆಗೆ ವಾಪಸು ಬರುವ ದಾರಿಯಲ್ಲಿ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ನೋಡಿದರೆ ಕಿಟಕಿಗೆ ತಲೆ ಒರಗಿಸಿಕೊಂಡು ಕೂತೇ ಇದ್ದಾರೆ, ಮಡಿಲಲ್ಲಿ ಪೆಟ್ಟಿಗೆ. ಎದೆಬಡಿತ ನಿಂತು ಹೊತ್ತಾಗಿದೆ ಎಂದರು ಡಾಕ್ಟರು. "ಪಕ್ಕದಲ್ಲಿ ಯಾರೂ ಇರ್ಲಿಲ್ಲಮ್ಮ, ಒಬ್ಬರೇ ಕೂತಿದ್ರು" ಎಂದ ಕಂಡಕ್ಟರ್. ಪಾಪ, ಕಂಡದ್ದನ್ನು ಹೇಳಿದ. ಆದರೆ ಆ ಮಾತು ಅತ್ತೆಯ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತು. ಒಂದು ಲೋಟ ಚಹಾವನ್ನು ಕೂಡ ಒಬ್ಬರೇ ಕುಡಿಯದ ಮನುಷ್ಯ, ದಾರಿಯಲ್ಲಿ ಹೋಗುವವನನ್ನು ಕರೆದು ಅರ್ಧ ಕೊಡುತ್ತಿದ್ದ ಮನುಷ್ಯ, ಒಬ್ಬರೇ ಹೋದರು.

"ನೀರು ಕೇಳಿದ್ರೋ ಏನೋ," ಎನ್ನುತ್ತಿದ್ದರು ಅತ್ತೆ, ಅಕ್ಕಿ ಆರಿಸುತ್ತಾ. "ಎದೆ ಹಿಡ್ಕೊಂಡು ಯಾರನ್ನಾದ್ರೂ ಕರೆದ್ರೋ ಏನೋ. ಬಸ್ ತುಂಬ ಜನ ಇದ್ರು, ಒಬ್ರೂ ತಿರುಗಿ ನೋಡ್ಲಿಲ್ವೇನೇ?"

"ನಿದ್ದೇಲೇ ಹೋಗಿರ್ತಾರೆ ಅತ್ತೆ."

"ನೀನು ಕಂಡ್ಯಾ?"

ಸೊಸೆ ಕಂಡಿರಲಿಲ್ಲ. ಯಾರೂ ಕಂಡಿರಲಿಲ್ಲ. ಅದೇ ಪ್ರಶ್ನೆ ಮರುದಿನ ಬಟ್ಟೆ ಒಣಹಾಕುವಾಗ ಬರುತ್ತಿತ್ತು, ಅದರ ಮರುದಿನ ತರಕಾರಿ ಹೆಚ್ಚುವಾಗ. ಅತ್ತೆಗೆ ಗಂಡ ಸತ್ತದ್ದಕ್ಕಿಂತ ಆ ಕಡೆಯ ಒಂದು ಗಂಟೆ ಏನಾಯಿತೆಂದು ಗೊತ್ತಿಲ್ಲದ್ದೇ ದೊಡ್ಡ ಸಂಕಟವಾಗಿತ್ತು.

ಸಾವಿನ ಸುದ್ದಿ ಊರೂರಿಗೆ ತಲುಪುವುದು ಹೇಗೆ? ಜನ ಬರುತ್ತಲೇ ಇದ್ದರು. ನಗುತ್ತಾ ಬರುವರು, ಸುದ್ದಿ ಕೇಳಿ ಹಜಾರದಲ್ಲೇ ಕುಸಿಯುವರು. ಅವರನ್ನು ಸಮಾಧಾನ ಮಾಡುವ ಕೆಲಸ ಅತ್ತೆಯದು. ಬಸ್ಸು, ಕಂಡಕ್ಟರು, ಕಿಟಕಿ, ಎಲ್ಲ ಮೊದಲಿಂದ ಹೇಳಬೇಕು. ಅವರು ಕಣ್ಣೊರೆಸಿಕೊಂಡು ಹೋದ ಮೇಲೆ ಅತ್ತೆ ತಟ್ಟೆ ಮುಟ್ಟುತ್ತಿರಲಿಲ್ಲ. ಯಾರೋ ಬಂದಾಗಲೆಲ್ಲ ಅವರು ಹೊಸದಾಗಿ ಗಂಡನನ್ನು ಕಳೆದುಕೊಳ್ಳುತ್ತಿದ್ದರು. ಇನ್ನೊಂದು ಕಾಟವೂ ಇತ್ತು. ಬಂದವರೆಲ್ಲ ಮಾವನ ಮಾತುಗಳನ್ನು ಮಾವನ ಧಾಟಿಯಲ್ಲೇ ಆಡಿ ತೋರಿಸುತ್ತಿದ್ದರು. ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾ ಕೂತ ಸೊಸೆಗೆ ಹಜಾರದಿಂದ "ಉಂಡೀರಿ, ಜೋಕೆ!" ಎಂದು ಕೇಳಿಸಿದರೆ ಮೈ ಜುಮ್ಮೆನ್ನುತ್ತಿತ್ತು. ಸತ್ತವರು ಒಂದು ಬಾಯಲ್ಲಿ ಹೋಗಿ ಹತ್ತು ಬಾಯಲ್ಲಿ ಮನೆಗೆ ಬರುತ್ತಿದ್ದಂತಿತ್ತು.

ಹಾಗಿರುವಾಗ ಒಂದು ದಿನ ಬೇಕರಿಯವಳು ಬಂದಳು. ಯಾವುದೋ ಊರಿನವಳು, ಬಾಗಿಲ ತುಂಬ ಇದ್ದಳು, ಕೈಯಲ್ಲಿ ಪೇಪರು ಸುತ್ತಿದ ಬಿಸಿ ಬ್ರೆಡ್ಡು. ಬಸ್ಸಿಳಿದು ಓಡಿ ಬಂದವಳಂತೆ ಏದುಸಿರು.

"ಎಲ್ಲಿ ನಮ್ಮಣ್ಣ? ಬ್ರೆಡ್ಡು ಬಿಸಿ ಆರೋದ್ರೊಳಗೆ ಕೊಡ್ತೀನಿ ಅಂತ ಪಂಥ ಕಟ್ಟಿದೀನಿ. ಕರೀರಿ, ಕರೀರಿ!"

ಸೊಸೆ ಅವಳ ಮುಖ ನೋಡಿದಳು. ಆಮೇಲೆ ಒಳಗೆ, ಆಗಷ್ಟೇ ಎರಡು ತುತ್ತು ಉಣ್ಣಲು ಕೂತಿದ್ದ ಅತ್ತೆಯನ್ನು ನೋಡಿದಳು. ನಾಲಿಗೆ ಹಳೆಯ ದಾರಿ ಹಿಡಿಯಿತು.

"ಊರಲ್ಲಿಲ್ಲ, ಬರ್ತಾರೆ."

"ಛೇ! ಯಾವಾಗ ನೋಡಿದ್ರೂ ಹಿಂಗೇ. ಎಲ್ಲಿಗೆ ಹೋಗಿದಾರೆ?"

"ಅದೇ... ಸಮುದ್ರದ ಕಡೆ. ಅಲ್ಲಿ ಒಂದು ಗಾರ್ಮೆಂಟ್ ಫ್ಯಾಕ್ಟರೀಲಿ ಮಿಷನ್ನೆಲ್ಲ ಕೆಟ್ಟು ಕೂತಿದಾವಂತೆ."

ಬೇಕರಿಯವಳು ಹೊಟ್ಟೆ ತುಂಬ ಉಂಡು, ಮಾವನಿಗೆ ನಾಲ್ಕು ಬೈದು, ನಗುತ್ತಾ ಹೋದಳು. ಬಾಗಿಲು ಮುಂದೆ ಮಾಡಿ ತಿರುಗಿದರೆ ಅತ್ತೆ ನೋಡುತ್ತಿದ್ದರು. ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅತ್ತೆ ತಟ್ಟೆಗೆ ತಿರುಗಿದರು. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡರು, ಬ್ರೆಡ್ಡಿನಲ್ಲೂ ಒಂದು ತುಂಡು ಮುರಿದುಕೊಂಡರು.

"ಸಮುದ್ರದ ಕಡೆ ಹೋದ್ರೆ ಅವರಿಗೆ ಶೀತ ಆಗುತ್ತೆ," ಎಂದರು ಕೈ ತೊಳೆಯುತ್ತಾ. "ಮುಂದಿನ ಸಲ ಬೇರೆ ಕಡೆ ಕಳಿಸು."

ಹೀಗೆ ಶುರುವಾಯಿತು. ಗಂಡ ಬೋರ್ಡು ಬರೆಯುವ ಕೆಲಸದವನು. ಬೆಳಗ್ಗೆ ಏಣಿ, ಡಬ್ಬಿ ಹೊತ್ತು ಹೋದರೆ ಬರುವುದು ಸಂಜೆಗೆ. ಹಗಲು ಬಂದವರನ್ನೆಲ್ಲ ಅತ್ತೆ ಸೊಸೆ ಸೇರಿ ನಗುನಗುತ್ತಾ ಕಳಿಸುತ್ತಿದ್ದರು. ಮಾವ ಒಮ್ಮೆ ಗುಡ್ಡದ ಊರಿಗೆ ಹೋದರು, ಒಮ್ಮೆ ಗಡಿಯಾಚೆ ಯಾವುದೋ ಮದುವೆಮನೆಯಲ್ಲಿ ಸಿಕ್ಕಿಬಿದ್ದರು, ಒಮ್ಮೆ ದೋಣಿ ತಪ್ಪಿಸಿಕೊಂಡರು. ಜೀವ ಇದ್ದಾಗಲೂ ಇಷ್ಟು ಸುತ್ತಿರಲಿಲ್ಲ. ಶಾಲೆಯಿಂದ ಬಂದ ಮಗಳು ಚೀಲ ಎಸೆದು ಕೇಳುತ್ತಿದ್ದಳು, "ಅಜ್ಜೀ, ತಾತ ಇವತ್ತೆಲ್ಲಿ?"

"ರೈಲಲ್ಲಿದಾರೆ. ಮೇಲಿನ ಬರ್ತು."

"ತಾತನಿಗೆ ಮೇಲೆ ಹತ್ತಕ್ಕಾಗಲ್ಲ."

"ಯಾರೋ ಕೈ ಕೊಟ್ಟು ಹತ್ತಿಸಿದಾರೆ ಬಿಡೇ. ಅವರಿಗೆ ಜನ ಇಲ್ವಾ?"

ಅತ್ತೆ ಹೊತ್ತು ಹೊತ್ತಿಗೆ ಉಣ್ಣತೊಡಗಿದರು. ನೀರು ಕೇಳಿದರೋ ಏನೋ ಎನ್ನುವ ಮಾತು ನಿಂತಿತು. ಸೊಸೆಗೆ ಮೊದಮೊದಲು ಹಗುರವೆನಿಸಿತು. ಸುಳ್ಳಿಗೆ ಇಷ್ಟು ಪುಣ್ಯ ಬರುವುದಾದರೆ ಬರಲಿ ಬಿಡಿ ಎಂದುಕೊಂಡಳು.

ಆದರೆ ಆಟದಲ್ಲಿ ಇಬ್ಬರಲ್ಲೊಬ್ಬರು ಆಟವಾಡುವುದನ್ನು ಬಿಟ್ಟಿದ್ದರು. ಯಾವಾಗ ಬಿಟ್ಟರೋ ಸೊಸೆಗೆ ತಿಳಿಯಲಿಲ್ಲ. ಅವಳ ಮಿಷನ್ ಹೊಲಿಗೆ ಬಿಡಲು ಶುರುಮಾಡಿತ್ತು, ಕಾಲಿಟ್ಟರೆ ಕಿರುಗುಟ್ಟುತ್ತಿತ್ತು. ಅಂಗಡಿಗೆ ಒಯ್ಯುತ್ತೇನೆ ಎಂದಳು. ಅತ್ತೆ ಸಿಡುಕಿದರು: "ಅವರ ಮಿಷನ್ ಬೇರೆಯವರು ಬಿಚ್ಚೋದಾ? ಬರ್ಲಿ, ನೋಡ್ತಾರೆ." ಸೊಸೆ ನಕ್ಕಳು. ಅತ್ತೆ ನಗಲಿಲ್ಲ. ಆಮೇಲೊಮ್ಮೆ ಸಾರಿಗೆ ಉಪ್ಪು ಹಾಕುವಾಗ, "ಕಮ್ಮಿ ಹಾಕೇ, ಅವರಿಗೆ ಬೀಪಿ" ಎಂದರು. ಸೊಸೆ ಕಮ್ಮಿಯೇ ಹಾಕಿದಳು.

ದಾರ ಮಾರುವವನು ತಿಂಗಳಿಗೊಮ್ಮೆ ಬರುತ್ತಿದ್ದ. ಹಿಂದಿನ ಸಲ ಅವನಿಗೂ ಸೊಸೆ ಅದೇ ಉತ್ತರ ಕೊಟ್ಟು ಕಳಿಸಿದ್ದಳು. ಈ ಸಲ ಅವನು ಚೀಲ ಇಳಿಸುತ್ತಲೇ ಬಾಯಿ ಅಗಲಿಸಿದ.

"ಅಕ್ಕಾ, ನಿಮ್ಮ ಮಾವನ್ನ ನೋಡಿದೆ ಮೊನ್ನೆ!"

ಸೊಸೆಯ ಕಾಲು ಪೆಡಲಿನ ಮೇಲೆ ನಿಂತಿತು. "ಎಲ್ಲಿ?"

"ಜಂಕ್ಷನ್ನಲ್ಲಿ. ನಮ್ಮ ರೈಲು ಈ ಕಡೆ ಹೊರಟಿದೆ, ಅವರು ಆ ಕಡೆ ಪ್ಲಾಟ್‌ಫಾರ್ಮಲ್ಲಿ. ಪೆಟ್ಟಿಗೆ ಮೇಲೆ ಕೂತು ಯಾರ ಜೊತೇನೋ ಮಾತು. ನಾನು ಕೂಗ್ದೆ, ಕೈ ಎತ್ತಿದ್ರು."

"ಯಾರನ್ನೋ ನೋಡಿರ್ತೀಯ."

"ಅಯ್ಯೋ, ಅವರನ್ನ ಮರೀತೀನಾ? ನೀವೇ ಅಂದ್ರಲ್ಲ ಪ್ರಯಾಣದಲ್ಲಿದಾರೆ ಅಂತ."

ಹಿಂದಿನಿಂದ ಬಟಾಣಿ ಸುಲಿಯುವ ಸದ್ದು ನಿಂತದ್ದು ಸೊಸೆಗೆ ಕೇಳಿಸಿತು. ಅತ್ತೆ ಎದ್ದು ಬಂದಿದ್ದರು. "ಯಾವ ಅಂಗಿ ಹಾಕಿದ್ರಪ್ಪಾ?"

"ದೂರ ಇತ್ತಮ್ಮ... ನೀಲಿ ಅನ್ಸುತ್ತೆ. ಗೆರೆ ಇರೋದು."

ಅತ್ತೆ ಒಳಗೆ ಹೋಗಿ ಮಾವನ ಬಟ್ಟೆಯ ಟ್ರಂಕು ತೆಗೆದರು. ಒಂದೊಂದೇ ಅಂಗಿ ಎತ್ತಿ ಹಾಸಿಗೆಯ ಮೇಲಿಟ್ಟರು. ಬಿಳಿಯದು, ಬೂದಿ ಬಣ್ಣದ್ದು, ಮೊಣಕೈ ಹರಿದದ್ದು. ಗೆರೆಯ ನೀಲಿ ಅಂಗಿ ಇರಲಿಲ್ಲ. ಸೊಸೆ ತಾನೇ ಒಗೆದು ಮಡಿಚಿ ಒಳಗಿಟ್ಟದ್ದು. ಟ್ರಂಕನ್ನು ತಲೆಕೆಳಗು ಮಾಡಿದಳು, ಮಂಚದ ಕೆಳಗೆ ನೋಡಿದಳು, ಕೊನೆಗೆ ಹಗಲು ಹೊತ್ತಿನಲ್ಲೇ ಬೆನ್ನಿನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು.

"ಹಾಕ್ಕೊಂಡು ಹೋಗಿದಾರೆ," ಎಂದರು ಅತ್ತೆ. ಅವರ ಮುಖ ಹುಡುಗಿಯ ಮುಖದಂತಾಗಿತ್ತು.

"ಅತ್ತೆ, ನಾವಿಬ್ರೂ ಸೇರಿ ಹೇಳಿದ ಸುಳ್ಳು ಅದು. ನಿಮಗೆ ಗೊತ್ತಲ್ಲ?"

"ಗೊತ್ತು ಕಣೇ. ಅಂಗಿ ಎಲ್ಲಿ ಹಾಗಾದ್ರೆ?"

ಆ ಸಂಜೆ ಅತ್ತೆ ಒಳಗೆ ಕೂರಲಿಲ್ಲ. ಮೆಟ್ಟಿಲ ಮೇಲೇ ಕೂತರು. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಗೆರೆಯ ನೀಲಿ ಅಂಗಿ ಕಾಣಿಸಿತು. ಅದೇ ಅಗಲದ ಹೆಗಲು, ಕೈಯಲ್ಲಿ ಏನೋ ಭಾರ, ಒಂದು ಕಡೆಗೆ ವಾಲಿದ ನಡಿಗೆ. ಅತ್ತೆ ಚಪ್ಪಲಿಯಿಲ್ಲದೆ ಬೀದಿಗೆ ಓಡಿದರು.

"ಬಂದ್ರಾ! ಬಂದ್ರಲ್ಲ!"

ಬಂದವನು ಮಗ. ಬಣ್ಣದ ಡಬ್ಬಿ ಕೆಳಗಿಟ್ಟು, ತನ್ನ ಎದೆಗೆ ಬಿದ್ದ ತಾಯಿಯನ್ನು ಹಿಡಿದುಕೊಂಡು ಪೆಚ್ಚಾಗಿ ನಿಂತ. ಅತ್ತೆ ತಲೆಯೆತ್ತಿ ಅವನ ಮುಖ ನೋಡಿದರು. ಆ ನೋಟವನ್ನು ಸೊಸೆ ಬಾಗಿಲಿಂದ ಕಂಡಳು. ಮಗನ ಮುಖ ಕಂಡು ತಾಯಿಯೊಬ್ಬಳಿಗೆ ಅಷ್ಟು ನಿರಾಸೆಯಾಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಎಲ್ಲ ಹೊರಬಿತ್ತು. ಹೊರಗೆಡವಿದವಳು ಮಗಳು. "ಅಪ್ಪಾ, ದಾರದ ಅಂಕಲ್ ತಾತನ್ನ ನೋಡಿದ್ರಂತೆ!"

ಗಂಡ ತುತ್ತು ಕೆಳಗಿಟ್ಟ. "ಏನಿದು?"

ಸೊಸೆ ಹೇಳಿದಳು. ಅಡಗಿಸಿಡುವುದಕ್ಕೆ ಇನ್ನೇನು ಉಳಿದಿತ್ತು?

"ನಿನಗೆ ಬುದ್ಧಿ ಇದೆಯಾ?" ಗಂಡ ಕೂಗಿದ. "ಅಮ್ಮನ್ನ ಹುಚ್ಚಿ ಮಾಡ್ತಿದೀಯ. ಸತ್ತೋರನ್ನ ಊರೂರು ಸುತ್ತಿಸ್ತೀಯಲ್ಲ!"

"ನೀವು ಹಗಲೆಲ್ಲ ಏಣಿ ಮೇಲಿರ್ತೀರಿ. ಬಂದೋರು ಅಳೋದನ್ನ ನೋಡೋದು ನಾನು. ಇವರು ಉಪವಾಸ ಮಲಗೋದನ್ನ ನೋಡೋದು ನಾನು."

"ಅದಕ್ಕೆ?"

"ಅದಕ್ಕೇ. ಮತ್ತೆ ಅಪ್ಪನ ಅಂಗಿ ಕದ್ದು ಹಾಕ್ಕೊಂಡು ಹೋದೋರು ಯಾರು? ನನಗೆ ಹುಚ್ಚು ಹಿಡೀಲಿಲ್ಲ ಅಷ್ಟೆ."

ಗಂಡ ಅಂಗಿಯ ಕಡೆ ನೋಡಿಕೊಂಡ. ಎದೆಯ ಮೇಲೆ ಹಳದಿ ಬಣ್ಣದ ಕಲೆ. "ಕೆಲಸಕ್ಕೆ ಹಳೇ ಅಂಗಿ ಬೇಕಿತ್ತು," ಎಂದ. ಅವನದೇ ಹಳೆಯ ಅಂಗಿಗಳು ಗೂಟದ ತುಂಬ ನೇತಾಡುತ್ತಿದ್ದವು. ಸೊಸೆ ಅದನ್ನು ಎತ್ತಿ ಆಡಲಿಲ್ಲ. ಜಗಳದಲ್ಲೂ ಕೆಲವು ಕಡೆ ಹೊಡೆಯಬಾರದು.

"ಜಗಳ ಸಾಕು," ಎಂದರು ಅತ್ತೆ. "ಅನ್ನ ಆರುತ್ತೆ."

ಮರುದಿನ ಗಂಡ ಕೆಲಸಕ್ಕೆ ಹೋಗಲಿಲ್ಲ. ಅಂಗಳದಲ್ಲಿ ಹಲಗೆಯೊಂದಕ್ಕೆ ಬಿಳಿ ಬಳಿದು, ಒಣಗಿಸಿ, ಕರಿ ಬಣ್ಣದಲ್ಲಿ ಬರೆದ: "ಮಿಷನ್ ತಾತ ತೀರಿಕೊಂಡಿದ್ದಾರೆ. ದಯವಿಟ್ಟು ಬಾಗಿಲು ತಟ್ಟಬೇಡಿ." ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಮೂಲೆಗೊಂದು ಬಳ್ಳಿ ಬಿಡಿಸಲು ಕುಂಚ ಎತ್ತಿ, ಅಭ್ಯಾಸಕ್ಕೆ ತಾನೇ ನಾಚಿ, ಕೆಳಗಿಟ್ಟ. ಗೇಟಿಗೆ ತಂತಿ ಕಟ್ಟಿ ತೂಗುಹಾಕಿದ. ಅವನು ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಅದನ್ನು ಬಿಚ್ಚಿ ತಂದು ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿದ್ದರು.

"ಅಮ್ಮಾ!"

"ಹಲಗೆ ಗಟ್ಟಿಯಾಗಿದೆ. ಮುಚ್ಚಳ ಒಡೆದು ಎಷ್ಟು ದಿನ ಆಯ್ತು, ಯಾರಾದ್ರೂ ತಂದ್ಕೊಟ್ರಾ?"

"ಅಮ್ಮ, ಅಪ್ಪ ಸತ್ತಿದಾರೆ."

"ಗೊತ್ತು ಕಣೋ. ಅದನ್ನ ಬಾಗಿಲಿಗೆ ಬಂದೋರಿಗೆ ಹಲಗೆ ಹೇಳಬಾರ್ದು. ಬಾಯಿ ಹೇಳಬೇಕು. ಹೇಳಕ್ಕೆ ನನಗೆ ಆಗ್ತಿಲ್ಲ, ಅಷ್ಟೆ." ಅತ್ತೆ ಮೊದಲ ಸಲ ದನಿ ಏರಿಸಿದರು. "ಏನಂತ ಹೇಳ್ಲಿ? ನಿಮ್ಮನ್ನೆಲ್ಲ ಅಷ್ಟು ಪ್ರೀತಿ ಮಾಡಿದೋರು ಅನಾಥನ ಹಾಗೆ ಒಬ್ಬರೇ ಸತ್ರು ಅಂತ ಹೇಳ್ಲಾ?"

ಇನ್ನು ಮುಂದೆ ಸುಳ್ಳು ಹೇಳುವುದಿಲ್ಲವೆಂದು ಸೊಸೆ ಗಂಡನಿಗೆ ಮಾತು ಕೊಟ್ಟಳು. ಮಗಳಿಗೂ ಹೇಳಿದ್ದಾಯಿತು. ಅತ್ತೆ ಮತ್ತೆ ತಟ್ಟೆಯಲ್ಲಿ ಅರ್ಧ ಬಿಡತೊಡಗಿದರು. ಅಕ್ಕಿ ಆರಿಸುವಾಗ ನೀರಿನ ಪ್ರಶ್ನೆ ಮರಳಿ ಬಂತು.

ಎರಡು ವಾರ ಯಾರೂ ಬರಲಿಲ್ಲ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಗೇಟಿನ ಬಳಿ ಒಬ್ಬ ನಿಂತಿದ್ದ. ನಡುವಯಸ್ಸು, ಕೈಯಲ್ಲಿ ಪೈಪು ತಿರುಗಿಸುವ ದೊಡ್ಡ ಸ್ಪ್ಯಾನರ್ ಇಣುಕುವ ಚೀಲ. ಕೊಳಾಯಿ ಕೆಲಸದವನು. ಗೇಟು ಮುಟ್ಟುತ್ತಾನೆ, ಕೈ ತೆಗೆಯುತ್ತಾನೆ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬರುತ್ತಾನೆ. ಸೊಸೆ ಕಿಟಕಿಯಿಂದ ನೋಡುತ್ತಿದ್ದಳು. ಮರುದಿನ ಶಾಲೆಗೆ ಕೊಡಬೇಕಾದ ಅಂಗಿಗಳ ರಾಶಿ ಮುಂದಿತ್ತು. ಮಿಷನ್ ಮತ್ತೆ ಹೊಲಿಗೆ ಬಿಟ್ಟಿತ್ತು. ಬಾಯಲ್ಲಿ ಎರಡು ಗುಂಡುಸೂಜಿ. ಎದ್ದು ಬಾಗಿಲಿಗೆ ಹೋದಳು.

"ಮಿಷನ್ ತಾತನ ಮನೆ..." ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಅವರು ಇದಾರಾ?"

ಸೊಸೆ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು. ತೀರಿಕೊಂಡರು ಎನ್ನಬೇಕೆಂದೇ ಬಾಯಿ ತೆರೆದಳು. ಹಾಳು ನಾಲಿಗೆ! ಎಷ್ಟೋ ವರ್ಷ ಬಾಗಿಲಲ್ಲಿ ಹೇಳಿ ಹೇಳಿ ಸವೆದ ಮಾತು, ಮನಸ್ಸಿಗಿಂತ ಮೊದಲು ಹೊರಬಿತ್ತು.

"ಊರಲ್ಲಿಲ್ಲ, ಬರ್ತಾರೆ."

ಅವನು ಚೀಲ ಕೈಬಿಟ್ಟ. ಸ್ಪ್ಯಾನರ್ ಕಲ್ಲಿನ ಮೇಲೆ ಠಣ್ಣೆಂದಿತು. ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನು ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

"ಬದುಕಿದಾರಾ! ಬದುಕಿದಾರಲ್ಲ! ತಾಯೀ, ನೀವು ನನ್ನನ್ನ ಉಳಿಸಿದ್ರಿ."

"ಯಾಕೆ? ಏನಾಯ್ತು?"

"ಅವತ್ತು ಬಸ್ಸಲ್ಲಿ ನಾನು ಅವರ ಪಕ್ಕ ಕೂತಿದ್ದೆ. ಮಾತಾಡ್ತಾ ಮಾತಾಡ್ತಾ ನಿದ್ದೆ ಬಂತು ಅಂದ್ರು. ನನ್ನ ಹೆಗಲ ಮೇಲೇ ಮಲಗಿದ್ರು. ನನ್ನ ಊರು ಬಂತು. ಮೆತ್ತಗೆ ತಲೆ ಎತ್ತಿ ಕಿಟಕಿಗೆ ಒರಗಿಸಿದೆ. ಕೈ ಮುಟ್ಟಿದ್ರೆ ತಣ್ಣಗಿತ್ತು. ಕಿಟಕಿ ಗಾಳಿಗೆ ಇರ್ಬೇಕು ಅಂತ ಇಳಿದ್ಬಿಟ್ಟೆ." ಅವನು ತನ್ನ ಕೈಯನ್ನೇ ನೋಡಿಕೊಂಡ. "ಆವತ್ತಿಂದ ಈ ಕೈಯಲ್ಲಿ ಆ ತಣ್ಣಗಿದ್ದದ್ದು ಹೋಗಿಲ್ಲ. ಸತ್ತೋರನ್ನ ಬಿಟ್ಟು ಬಂದ್ನಾ? ಕೂಗಿದ್ರೆ ಉಳೀತಿದ್ರಾ? ಮೂರು ಸಲ ಈ ಊರಿಗೆ ಬಂದು ಬಸ್ ಸ್ಟ್ಯಾಂಡಿಂದಲೇ ವಾಪಸ್ ಹೋಗಿದೀನಿ. ಕೇಳಕ್ಕೆ ಧೈರ್ಯ ಇರ್ಲಿಲ್ಲ."

ಸೊಸೆ ಹಿಂದೆ ತಿರುಗಿದರೆ ಅತ್ತೆ ಹಜಾರದ ನಡುವೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವರು ಯಾವ ಒಂದು ಗಂಟೆಗಾಗಿ ಹಗಲೂ ಇರುಳೂ ಬೇಯುತ್ತಿದ್ದರೋ, ಆ ಗಂಟೆ ನಡೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಿತ್ತು. ಅದನ್ನು ಕೇಳಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ ಈ ಮನುಷ್ಯ ಈಗ ತಾನೇ ಇಳಿಸಿದ ಹೊರೆಯನ್ನು ಮತ್ತೆ ಹೊತ್ತು ಸಾಯುವವರೆಗೂ ಇಳಿಸಲಾರ.

ಅಂಗಳದಿಂದ ಗಂಡ ಬಂದ, ಕೈಯಲ್ಲಿ ಒದ್ದೆ ಕುಂಚ. ಅವನೂ ಕಡೆಯ ಮಾತು ಕೇಳಿಸಿಕೊಂಡಿದ್ದ. ಹೆಂಡತಿಯನ್ನು ಸುಡುವಂತೆ ನೋಡಿ, "ನೋಡಿ, ನಮ್ಮಪ್ಪ..." ಎಂದು ಶುರುಮಾಡಿದ.

"ಮಗಾ," ಎಂದರು ಅತ್ತೆ, "ಇವರಿಗೆ ಕುಡಿಯಕ್ಕೆ ನೀರು ತಗೊಂಡ್ಬಾ."

"ಅಮ್ಮ..."

"ನೀರು ತಾರೋ."

ಅತ್ತೆ ಬಂದು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಸೆರಗು ಸರಿಮಾಡಿಕೊಂಡರು. ನೆರೆಮನೆಯವರೊಂದಿಗೆ ಹರಟೆಗೆ ಕೂತಂತೆ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡರು.

"ನಾನು ಅವರ ಹೆಂಡತಿ. ಹೌದಪ್ಪ, ಅವತ್ತು ಅವರಿಗೆ ಸ್ವಲ್ಪ ಆಯಾಸ ಆಗಿತ್ತು. ಆದ್ರೆ ನೋಡು, ಊರಿನವರ ಕತೆ ಎಲ್ಲ ನನಗೆ ಹೇಳ್ತಾರೆ, ತನ್ನದು ಮಾತ್ರ ಹೇಳಲ್ಲ. ಅವತ್ತು ಬಸ್ಸಲ್ಲಿ ಏನಾಯ್ತು ಅಂತ ನೀನಾದ್ರೂ ಹೇಳು. ನೀರು ಏನಾದ್ರೂ ಕೇಳಿದ್ರಾ?"

"ಕೇಳಿದ್ರಮ್ಮ. ನನ್ನ ಬಾಟಲೀನೇ ಕೊಟ್ಟೆ. ಅರ್ಧ ಕುಡಿದು, ಉಳಿದದ್ದು ನಿನಗಿರ್ಲಿ, ಮುಂದೆ ದಾರಿ ಇದೆ ಅಂದ್ರು."

ಅತ್ತೆಯ ಕೈ ಮೊಣಕಾಲನ್ನು ಬಿಗಿಯಾಗಿ ಹಿಡಿಯಿತು. "ನೋವು ಗೀವು ಅಂದ್ರಾ?"

"ಇಲ್ಲಮ್ಮ! ನಗ್ತಾನೇ ಇದ್ರು. ದಾರೀಲಿ ಒಂದು ಔಷಧಿ ಅಂಗಡಿ ಬೋರ್ಡ್ ಬಂತು. ಹಿಂದಿನ ಸೀಟಿನವರನ್ನೆಲ್ಲ ಎಬ್ಬಿಸಿ ತೋರಿಸಿದ್ರು: ನನ್ನ ಮಗ ಬರೆದದ್ದು, ನೋಡಿ ಆ ಕೊಂಬು, ನೋಡಿ ಆ ಸೊನ್ನೆ ಅಂತ. ಒಬ್ಬರು ಬೈದ್ರು ಕೂಡ."

ನೀರಿನ ಲೋಟ ಹಿಡಿದು ಬಂದ ಗಂಡ ಹೊಸ್ತಿಲಲ್ಲೇ ನಿಂತ. ಅಪ್ಪ ತನ್ನ ಬೋರ್ಡಿನ ಬಗ್ಗೆ ಅವನೆದುರು ಒಂದು ದಿನವೂ ಒಂದು ಮಾತು ಆಡಿದವರಲ್ಲ.

"ಮನೆಗೆ ಬಾ, ಊಟ ಮಾಡು ಅಂದ್ರು," ಕೊಳಾಯಿಯವನು ಸೊಸೆಯ ಕಡೆ ನೋಡಿ ನಾಚಿದ. "ಸೊಸೆ ಬಾಯಿ ಜೋರು, ಹೆದರ್ಬೇಡ, ನಾನು ಕಳಿಸಿದ ಒಬ್ಬರನ್ನೂ ಅವಳು ಹಸಿದು ಕಳಿಸಿಲ್ಲ ಅಂದ್ರು."

"ನನ್ನ ಬಗ್ಗೆ?" ಎಂದರು ಅತ್ತೆ.

ಅವನು ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ. ನೀವು ಗೊರಕೆ ಹೊಡೀತೀರಂತೆ. ಹೊರಗೆ ಎಲ್ಲಿ ಮಲಗಿದ್ರೂ ಅದು ಕೇಳದೆ ನಿದ್ದೆ ಹತ್ತಲ್ಲ, ಇವತ್ತು ಮನೆಗೆ ಹೋಗಿ ನಿದ್ದೆ ಮಾಡ್ತೀನಿ ಅಂದ್ರು. ಹಾಗೆ ಅಂದ ಸ್ವಲ್ಪ ಹೊತ್ತಿಗೇ ನನ್ನ ಹೆಗಲಿಗೆ ತಲೆ ಇಟ್ರು."

ಅತ್ತೆ ನಕ್ಕರು. ನಗುತ್ತಲೇ ಇದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. "ಸುಳ್ಳುಗಾರ," ಎಂದರು. "ಗೊರಕೆ ಹೊಡೆಯೋರು ಅವರು. ಎಷ್ಟು ಹೊತ್ತು ಮಲಗಿದ್ರು ನಿನ್ನ ಹೆಗಲ ಮೇಲೆ?"

"ಬಹಳ ಹೊತ್ತಮ್ಮ. ಹೆಗಲು ಜೋಮು ಹಿಡೀತು. ಅಲ್ಲಾಡಿದ್ರೆ ಎಚ್ಚರ ಆಗುತ್ತೆ ಅಂತ ನಾನು ಅಲ್ಲಾಡ್ಲಿಲ್ಲ."

"ಒಳ್ಳೇದು ಮಾಡಿದೆ."

ಸೊಸೆ ಒಳಗೆ ಓಡಿ ತಟ್ಟೆಯಿಟ್ಟಳು. ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಸಿದಳು: ಅನ್ನ, ಸೊಪ್ಪು, ಬೆಳಗಿನ ರೊಟ್ಟಿ, ಮಗಳಿಗೆಂದು ಎತ್ತಿಟ್ಟಿದ್ದ ಮೊಟ್ಟೆ. ಅವನು ಬಹಳ ದಿನದ ಮೇಲೆ ಹಸಿವಾದವನಂತೆ ಉಂಡ. ಉಂಡ ಮೇಲೆ ಅಡುಗೆಮನೆಯಲ್ಲಿ ತೊಟ್ಟಿಕ್ಕುತ್ತಿದ್ದ ಕೊಳಾಯಿಯನ್ನು ಯಾರೂ ಕೇಳದೆಯೇ ಬಿಗಿ ಮಾಡಿದ. ಹೊರಡುವಾಗ ಬಾಗಿಲಲ್ಲಿ ನಿಂತು ಕೈ ಮುಗಿದ.

"ಮುಂದಿನ ಭಾನುವಾರ ಬರ್ಲಾ? ಅವರು ಬಂದಿರ್ತಾರಾ?"

ಸೊಸೆ ಗಂಡನ ಮುಖ ನೋಡಿದಳು. ಅವನು ಲೋಟವನ್ನು ಇನ್ನೂ ಹಿಡಿದೇ ಇದ್ದ.

"ಅಪ್ಪ ಈ ಸಲ ಬಹಳ ದೂರ ಹೋಗಿದಾರೆ," ಎಂದ ಗಂಡ. "ಯಾವಾಗ ಬರ್ತಾರೆ ಅಂತ ಹೇಳಕ್ಕಾಗಲ್ಲ. ನೀವು ಬಂದು ಉಂಡು ಹೋದ್ರಿ ಅಂತ ನಾನು ಹೇಳ್ತೀನಿ."

"ಎಬ್ಬಿಸದೆ ಇಳಿದುಬಿಟ್ಟೆ, ತಪ್ಪು ತಿಳ್ಕೋಬೇಡಿ ಅಂತಲೂ ಹೇಳಿ."

"ಎಬ್ಬಿಸದೆ ಇದ್ದದ್ದೇ ಒಳ್ಳೇದಾಯ್ತಪ್ಪ," ಎಂದರು ಅತ್ತೆ. "ಅವರಿಗೆ ಬಹಳ ನಿದ್ದೆ ಬಾಕಿ ಇತ್ತು."

ಅವನು ಬೀದಿಯ ಕೊನೆಯಲ್ಲಿ ತಿರುಗಿ ಕೈ ಬೀಸಿದ. ಮೂವರೂ ಕೈ ಬೀಸಿದರು. ಅವನು ಮರೆಯಾದ ಮೇಲೂ ಅತ್ತೆ ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಸೊಸೆ ಹತ್ತಿರ ಹೋಗಿ, "ತಪ್ಪಾಯ್ತು ಅತ್ತೆ, ಬಾಯಿ ತಪ್ಪಿ ಬಂತು" ಎಂದಳು.

"ಇನ್ನು ಯಾರು ಬಂದ್ರೂ ನಿಜ ಹೇಳೋಣ ಕಣೇ," ಎಂದರು ಅತ್ತೆ. "ನಾನೇ ಹೇಳ್ತೀನಿ. ಅವರು ಈ ಒಬ್ಬನಿಗೆ ಬದುಕಿರ್ಲಿ, ಸಾಕು."